ಹೋಟೆಲೋ, ಬಾಡಿಗೆ ಮನೆಯೋ? ಮೂರು ಆಫ್‌ಸೈಟ್ ಮಾಡಿ ನೋಡಿದ ಮೇಲೆ

ನಮ್ಮದು 18 ಜನರ ತಂಡ. ಆಫೀಸು ಅಂತ ಒಂದು ಇಲ್ಲವೇ ಇಲ್ಲ, ಎಲ್ಲರೂ ಅವರವರ ಮನೆಯಿಂದಲೇ ಕೆಲಸ. ವರ್ಷಕ್ಕೊಮ್ಮೆ ಎಲ್ಲರನ್ನೂ ಒಂದೆಡೆ ಸೇರಿಸುವ ಈ ಆಫ್‌ಸೈಟಿನ ಉಸಾಬರಿ ಮೂರು ವರ್ಷದಿಂದ ನನ್ನ ತಲೆಗೇ ಕಟ್ಟಿದ್ದಾರೆ. ಮೊದಲ ಸಲ ದೊಡ್ಡ ಹೋಟೆಲ್, ಎರಡನೆಯ ಸಲ ಊರಾಚೆಯ ದೊಡ್ಡ ಬಾಡಿಗೆ ಮನೆ, ಮೂರನೆಯ ಸಲ ಇಡಿಯಾಗಿ ಹಿಡಿದ ಸಣ್ಣ ಹೋಟೆಲ್.

ದೊಡ್ಡ ಹೋಟೆಲಿನಲ್ಲಿ ಯಾವುದೂ ಕೆಡಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ರೂಮು, ಹೊತ್ತಿಗೆ ಸರಿಯಾಗಿ ತಿಂಡಿ, ಪ್ರೊಜೆಕ್ಟರ್ ಕೈಕೊಟ್ಟರೆ ಓಡಿಬರುವ ಹುಡುಗ. ಆದರೆ ಸಭೆ ಮುಗಿದದ್ದೇ ತಡ, ನಾಲ್ಕು ಮಹಡಿಗಳಲ್ಲಿ ಹಂಚಿಹೋಗುತ್ತಿದ್ದೆವು. ಲಾಬಿಯಲ್ಲಿ ಕೂರೋಣವೆಂದರೆ ಯಾರದೋ ಮದುವೆಯ ನೆಂಟರು. ಎರಡನೇ ರಾತ್ರಿ ಫೋನು ತೆಗೆದು ನೋಡಿದರೆ ನಮ್ಮ ಕೆಲಸದ ಚಾಟ್ ಆ್ಯಪ್ ಸ್ಲ್ಯಾಕ್‌ನಲ್ಲಿ ಎಲ್ಲರ ಹೆಸರಿನ ಪಕ್ಕ ಹಸಿರು ಚುಕ್ಕಿ: ಒಂದೇ ಕಟ್ಟಡದೊಳಗೆ ಕೂತು ಒಬ್ಬರಿಗೊಬ್ಬರು ಮೆಸೇಜು ಕಳಿಸಿಕೊಳ್ಳುತ್ತಿದ್ದರು! ಇದಕ್ಕೆ ವಿಮಾನ ಹತ್ತಿಸಬೇಕಿತ್ತೇ ಅನ್ನಿಸಿತು.

ಹಾಗಾಗಿ ಮರುವರ್ಷ ಮನೆ ಹಿಡಿದೆ. ಮೊದಲ ರಾತ್ರಿಯೇ ಮಾತು ಎರಡು ಗಂಟೆಯವರೆಗೆ ಹೋಯಿತು. ಡಿಸೈನಿನವರಿಗೂ ಕೋಡು ಬರೆಯುವವರಿಗೂ ವರ್ಷಗಟ್ಟಲೆ ನಡೆದಿದ್ದ ಒಂದು ಜಗಳ, ಮೆಟ್ಟಿಲ ಮೇಲೆ ಕೂತ ಇಬ್ಬರ ನಡುವೆ ಅರ್ಧ ಗಂಟೆಯಲ್ಲಿ ತೀರಿತು. ಇದನ್ನು ಯಾವ ಅಜೆಂಡಾದಲ್ಲೂ ಬರೆಯಲು ಬರುವುದಿಲ್ಲ.

ಬೆಳಿಗ್ಗೆಯ ಕಥೆ ಬೇರೆ. ಆರು ಬಾತ್‌ರೂಮು, 18 ಜನ. ಇಬ್ಬಿಬ್ಬರಿಗೆ ಒಂದು ರೂಮು, ಅದರಲ್ಲೊಬ್ಬರು ಗೊರಕೆಯವರು. ಹದಿನೆಂಟು ಲ್ಯಾಪ್‌ಟಾಪ್ ತೆರೆದ ಕೂಡಲೇ ವೈಫೈ ಮಲಗಿತು. ಮನೆಯವರನ್ನು ಕೇಳಿದಾಗ ‘ಚೆನ್ನಾಗಿದೆ’ ಎಂದಿದ್ದರು. ಸ್ಪೀಡ್ ಟೆಸ್ಟ್ ಮಾಡಿ ಅದರ ಫೋಟೋ ಕಳಿಸಿ ಎಂದು ಕೇಳಬೇಕಿತ್ತು. ಇವೆಲ್ಲ ಸಹಿಸಬಹುದು. ನನ್ನನ್ನು ಇಂದಿಗೂ ಚುಚ್ಚುವುದು ಅಡುಗೆಮನೆ. ಪಾತ್ರೆ ತೊಳೆಯುವ ಸರದಿಯ ಪಟ್ಟಿಯನ್ನು ಫ್ರಿಜ್ ಮೇಲೆ ಅಂಟಿಸಿದ್ದೆ. ಮೂರನೇ ದಿನದ ಹೊತ್ತಿಗೆ ಸಿಂಕಿನ ಮುಂದೆ ಯಾವಾಗ ನೋಡಿದರೂ ಅದೇ ಮೂವರು. ಮೂವರೂ ಹೆಂಗಸರು, ಮೂವರೂ ಕಂಪನಿಗೆ ಹೊಸಬರು. ಯಾರೂ ಅವರಿಗೆ ಹೇಳಿರಲಿಲ್ಲ, ಯಾರೂ ಬೇಡ ಎಂದೂ ಅನ್ನಲಿಲ್ಲ. ಮೆಟ್ಟಿಲ ಮೇಲೆ ಮಾತು ಹರಳುಗಟ್ಟುವಾಗ ಅವರು ಅಲ್ಲಿರಲಿಲ್ಲ. ನನ್ನ ಕಣ್ಣಿಗೆ ಇದು ಬಿದ್ದದ್ದೇ ತಡವಾಗಿ.

ದುಡ್ಡಿನ ಲೆಕ್ಕದಲ್ಲಿ ಮನೆ ಅಗ್ಗ ಎಂದುಕೊಂಡಿದ್ದೆ. ತಲೆಗೆ ಭಾಗಿಸಿದರೆ ಹೌದು. ಅಡುಗೆಯವರು, ಕ್ಲೀನಿಂಗು, ಓಡಾಟದ ವ್ಯಾನು ಸೇರಿಸಿದರೆ ಅಷ್ಟೇನೂ ಅಲ್ಲ. ಹೋಟೆಲಿನ ಗ್ರೂಪ್ ಬುಕಿಂಗ್‌ನಲ್ಲೂ ಒಂದು ಕೊಕ್ಕೆ ಇರುತ್ತದೆ: ಹಿಡಿದ ರೂಮುಗಳಲ್ಲಿ ಇಂತಿಷ್ಟು ಭರ್ತಿಯಾಗದಿದ್ದರೆ ಖಾಲಿ ರೂಮಿಗೂ ತೆರಬೇಕು. ಸಹಿ ಹಾಕುವ ಮುಂಚೆ ಆ ಒಂದು ಸಾಲನ್ನು ಎರಡು ಸಲ ಓದಿ.

ಊರು ಆರಿಸುವುದರಲ್ಲೂ ಎರಡು ದಾರಿ ಹಿಡಿದು ನೋಡಿದ್ದೇನೆ. ಎಲ್ಲರಿಗೂ ಸರಿಸುಮಾರು ನಡುವೆ ಬೀಳುವ ಊರು ನೋಡಿದ್ದು ಮೊದಲ ಸಲ. ನಕ್ಷೆಯಲ್ಲಿ ಅದು ಬಹಳ ನ್ಯಾಯವಾಗಿ ಕಂಡಿತು, ಆದರೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇಕಾದ ಇಬ್ಬರಿಗೆ ಬರಲಾಗಲಿಲ್ಲ. ಅರ್ಜಿಯನ್ನು ಆರು ತಿಂಗಳು ಮುಂಚೆಯೇ ಹಾಕಬಹುದು, ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ, ಕೆಲವೊಮ್ಮೆ 45 ದಿನದವರೆಗೂ ಎಳೆಯಬಹುದು. ನಾವು ತಾರೀಖು ಗೊತ್ತುಮಾಡಿದ್ದೇ ಎರಡು ತಿಂಗಳು ಮುಂಚೆ. ಅರ್ಜಿ ಕೊಡಲು ಅಪಾಯಿಂಟ್‌ಮೆಂಟೇ ಸಿಗಲಿಲ್ಲ. ಈಗ ದೂರ ಆಮೇಲೆ, ಮೊದಲು ಪಾಸ್‌ಪೋರ್ಟುಗಳ ಪಟ್ಟಿ. ಎಲ್ಲರಿಗಿಂತ ಕಷ್ಟದ ಪಾಸ್‌ಪೋರ್ಟು ಇರುವವರು ಸುಲಭವಾಗಿ ಒಳಬರುವ ದೇಶವೇ ನಮ್ಮ ದೇಶ. ವಿಮಾನದಲ್ಲಿ ಮೂರು ಗಂಟೆ ಹೆಚ್ಚು ಕೂತರೆ ಯಾರಿಗೂ ಏನೂ ಆಗುವುದಿಲ್ಲ.

ಕಾರ್ಯಕ್ರಮದ ಪಟ್ಟಿಯ ಬಗ್ಗೆ ನನಗೆ ಗೊಂದಲವೇ ಉಳಿದಿಲ್ಲ. ಒಂಬತ್ತರಿಂದ ಆರರವರೆಗೆ ಸ್ಲೈಡು ತುಂಬಿದ್ದು ಮೊದಲ ವರ್ಷ. ಅವನ್ನೆಲ್ಲ ವಿಡಿಯೋ ಕಾಲ್‌ನಲ್ಲೇ ತೋರಿಸಬಹುದಿತ್ತು. ಮುಂದೆ ಅಮೆರಿಕದ ಹ್ಯಾರಿಸನ್ ಓವೆನ್ 1985ರಲ್ಲಿ ಶುರುಮಾಡಿದ, ‘ಓಪನ್ ಸ್ಪೇಸ್’ ಎಂಬ ಸಭೆಯ ರೀತಿ ಹಿಡಿದೆವು. ಬೆಳಿಗ್ಗೆ ಎಲ್ಲರೂ ಗುಂಡಾಗಿ ಕೂತು, ಬೇಕಾದವರು ತಮ್ಮ ವಿಷಯವನ್ನು ಗೋಡೆಗೆ ಅಂಟಿಸುವುದು. ಕೂತಲ್ಲಿ ಕಲಿಯುವುದೂ ಇಲ್ಲ, ಕೊಡುವುದೂ ಇಲ್ಲ ಅನ್ನಿಸಿದರೆ ಎದ್ದು ಇನ್ನೊಂದು ಗುಂಪಿಗೆ ಹೋಗಬಹುದು. ನಮ್ಮ ಬಾಸ್ ಅಂಟಿಸಿದ ವಿಷಯಕ್ಕೆ ಒಬ್ಬರೇ ಬಂದರು, ಅದೂ ಪಾಪ ಅನ್ನಿಸಿ. ಮೊದಲ ದಿನ ಮಾತ್ರ ಏನೂ ಇಡುವುದಿಲ್ಲ. ಪೂರ್ವಕ್ಕೆ ಹಾರಿ ಬಂದವರ ಪಾಡು ನೋಡಲಾಗದು: ನಮ್ಮ ದೇಹದ ಗಡಿಯಾರ ಸಾಮಾನ್ಯವಾಗಿ 24 ಗಂಟೆಗಿಂತ ತುಸು ಉದ್ದ, ತಡವಾಗಿ ಮಲಗೆಂದರೆ ಒಪ್ಪುತ್ತದೆ, ಪೂರ್ವಕ್ಕೆ ಬಂದಾಗ ಬೇಕಾಗುವಂತೆ ಬೇಗ ಮಲಗೆಂದರೆ ಹಟ ಮಾಡುತ್ತದೆ.

ಸಣ್ಣ ಹೋಟೆಲನ್ನು ಇಡಿಯಾಗಿ ಹಿಡಿದದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. ಇಪ್ಪತ್ತು ರೂಮು, ಸೀಸನ್ ಅಲ್ಲದ ತಿಂಗಳು, ಸೋಮವಾರದಿಂದ ಗುರುವಾರ. ಬರುವವರೇ ಇಲ್ಲದ ದಿನಗಳಾದ್ದರಿಂದ ಮಾಲೀಕರು ದರ ಇಳಿಸಿದರು. ಕೆಳಗಿನ ಹಾಲ್ ಪೂರ್ತಿ ನಮ್ಮದೇ, ಬಾಗಿಲು ಹಾಕಿಕೊಂಡರೆ ರೂಮು ಅವರವರದು, ಪಾತ್ರೆ ಬೇರೆಯವರ ಕೆಲಸ. ಬಾಡಿಗೆ ಮನೆಯ ಮೊದಲ ರಾತ್ರಿಯಂಥದ್ದು ಮಾತ್ರ ಮತ್ತೆ ಬರಲಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು.

ಮುಂದಿನ ವರ್ಷ ಎಲ್ಲಿ ಎಂದು ಮೊನ್ನೆ ಕೈ ಎತ್ತಿಸಿದೆ. ಮನೆಗೇ 11 ಕೈಗಳು. ಪಾತ್ರೆ ತೊಳೆದ ಮೂವರದು ಅದರಲ್ಲಿ ಇರಲಿಲ್ಲ. ನಾನಿನ್ನೂ ಏನೂ ಬುಕ್ ಮಾಡಿಲ್ಲ.