ಪೆಟ್‌ಸಿ ಪ್ರಿಕಂಡಿಷನರ್‌ಗಳು: ಬೇಕಾದಷ್ಟು ಆಯ್ಕೆ ಇದೆ, ಡಿಫಾಲ್ಟ್ ಮಾತ್ರ ನಂಬಬೇಡಿ

ಲಕ್ಷ, ಕೋಟಿ ಲೆಕ್ಕದಲ್ಲಿ ಚರಾಕ್ಷರಗಳಿರುವ ಸ್ಪಾರ್ಸ್ (ಮ್ಯಾಟ್ರಿಕ್ಸ್‌ನಲ್ಲಿ ಬಹುತೇಕ ಸೊನ್ನೆಗಳೇ ಇರುವ) ಸಮೀಕರಣಗಳನ್ನು ಕ್ಲಸ್ಟರ್ (ಒಟ್ಟಿಗೆ ಜೋಡಿಸಿದ ಹಲವು ಕಂಪ್ಯೂಟರ್‌ಗಳು) ಮೇಲೆ ಬಿಡಿಸುವವರಿಗೆ ಪೆಟ್‌ಸಿ ಹೊಸದಲ್ಲ. ಅಮೆರಿಕದ ಆರ್ಗಾನ್ ನ್ಯಾಷನಲ್ ಲ್ಯಾಬ್‌ನಲ್ಲಿ 1991ರಲ್ಲಿ ಶುರುವಾದ ಲೈಬ್ರರಿ, ಪುಕ್ಕಟೆ ಸಿಗುತ್ತದೆ. ಇಲ್ಲಿ ಅದರ ಪ್ರಿಕಂಡಿಷನರ್‌ಗಳ ಬಗ್ಗೆ, ಅಂದರೆ ಸಮೀಕರಣಗಳನ್ನು ಬೇಗ ಬಿಡಿಸಲು ಬರುವ ರೂಪಕ್ಕೆ ತರುವ ಭಾಗದ ಬಗ್ಗೆ ಮಾತ್ರ ಬರೆಯುತ್ತೇನೆ. ಹೆಜ್ಜೆ ಹೆಜ್ಜೆಯಾಗಿ ಉತ್ತರಕ್ಕೆ ಹತ್ತಿರವಾಗುವ ವಿಧಾನಗಳಲ್ಲಿ ಸಿಜಿ ಬೇಕೋ ಜಿಎಂರೆಸ್ ಬೇಕೋ ಅಂತ ತಲೆ ಕೆಡಿಸಿಕೊಳ್ಳುವವರು ಜಾಸ್ತಿ, ಆದರೆ ವೇಗ ನಿಜವಾಗಿ ತೀರ್ಮಾನವಾಗುವುದು ಪ್ರಿಕಂಡಿಷನರ್‌ನಲ್ಲೇ.

ಮೊದಲು ಮೆಚ್ಚಿದ್ದು ಹೇಳಿಬಿಡುತ್ತೇನೆ. ಕೋಡ್ ಮುಟ್ಟಬೇಕಿಲ್ಲ, ಮತ್ತೆ ಕಂಪೈಲ್ ಮಾಡಬೇಕಿಲ್ಲ, ಓಡಿಸುವಾಗ ಕಮಾಂಡ್ ಲೈನ್‌ನಲ್ಲಿ ಒಂದು ಆಪ್ಷನ್ ಬದಲಿಸಿದರೆ ಬೇರೆ ಪ್ರಿಕಂಡಿಷನರ್ ಬಂದು ಕೂರುತ್ತದೆ. ಬೆಳಗ್ಗೆ ಬ್ಲಾಕ್ ಜಾಕೋಬಿ, ಮಧ್ಯಾಹ್ನ ಮಲ್ಟಿಗ್ರಿಡ್ (ದೊಡ್ಡ ಸಮಸ್ಯೆಯನ್ನು ಅದರ ಚಿಕ್ಕ ರೂಪಗಳ ನೆರವಿನಿಂದ ಬಿಡಿಸುವುದು), ಅದೇ ಪ್ರೋಗ್ರಾಂ. ಯಾವುದು ಒಳ್ಳೆಯದು ಅಂತ ವಾದ ಮಾಡುವ ಬದಲು ಓಡಿಸಿಯೇ ನೋಡಬಹುದು.

ಈಗ ತಕರಾರು. ಏನೂ ಹೇಳದಿದ್ದರೆ ಪೆಟ್‌ಸಿ ಒಂದೇ ಪ್ರೋಸೆಸ್‌ನಲ್ಲಿ ಸಾಮಾನ್ಯವಾಗಿ ಐಎಲ್‌ಯು (ಮ್ಯಾಟ್ರಿಕ್ಸನ್ನು ಅಂದಾಜಾಗಿ ಎರಡು ತ್ರಿಕೋನ ಮ್ಯಾಟ್ರಿಕ್ಸ್‌ಗಳಾಗಿ ಒಡೆಯುವುದು) ಬಳಸುತ್ತದೆ. ಹಲವು ಪ್ರೋಸೆಸ್ ಇದ್ದರೆ ಬ್ಲಾಕ್ ಜಾಕೋಬಿ, ಅಂದರೆ ಪ್ರತಿ ಪ್ರೋಸೆಸ್ ತನ್ನ ಪಾಲಿನ ತುಂಡಿಗೆ ಮಾತ್ರ ಐಎಲ್‌ಯು ಹಾಕುತ್ತದೆ, ಪಕ್ಕದವರ ಜೊತೆ ಮಾತೇ ಇಲ್ಲ. ಕೋರ್ ಹೆಚ್ಚಿಸಿದಷ್ಟೂ ತುಂಡು ಚಿಕ್ಕದಾಗುತ್ತದೆ, ಪ್ರಿಕಂಡಿಷನರ್ ದುರ್ಬಲವಾಗುತ್ತದೆ, ಇಟರೇಷನ್ (ಉತ್ತರ ಸಿಗಲು ಬೇಕಾದ ಹೆಜ್ಜೆಗಳ ಎಣಿಕೆ) ಏರುತ್ತದೆ. ಮೇಲಿಂದ ಜಿಎಂರೆಸ್ 30 ಹೆಜ್ಜೆಗೊಮ್ಮೆ ರೀಸ್ಟಾರ್ಟ್ ಆಗುತ್ತದೆ, ಕೆಲವೊಮ್ಮೆ ಅಲ್ಲೇ ನಿಂತುಬಿಡುತ್ತದೆ. ಶಾಖ, ವಿದ್ಯುತ್ ಕ್ಷೇತ್ರದ ಲೆಕ್ಕಗಳಲ್ಲಿ ಬರುವ ಪಾಯ್ಸಾನ್ ತರಹದ ಸಮೀಕರಣಕ್ಕೆ ಇದು ಸಾಲದು, ಅಲ್ಲಿ ಒಂದು ಮೂಲೆಯ ಪರಿಣಾಮ ಲೆಕ್ಕದ ಬಿಂದುಗಳ ಇಡೀ ಜಾಲಕ್ಕೆ ತಲುಪಲೇಬೇಕು. ಹೊಸಬರು ಇದನ್ನು ಕಂಡು ಕ್ಲಸ್ಟರ್ ನೆಟ್‌ವರ್ಕ್ ನಿಧಾನ ಅಂದುಕೊಳ್ಳುತ್ತಾರೆ.

ಅಂಥ ಕಡೆ ಹೈಪರ್ ಎಂಬ ಲೈಬ್ರರಿಯ ಬೂಮರ್‌ಎಎಂಜಿ ಎಂಬ ಮಲ್ಟಿಗ್ರಿಡ್ ಹಾಕಿ. ಲಾರೆನ್ಸ್ ಲಿವರ್‌ಮೋರ್ ಲ್ಯಾಬ್‌ನವರದ್ದು, ಪೆಟ್‌ಸಿ ಇನ್‌ಸ್ಟಾಲ್ ಮಾಡುವಾಗಲೇ ಜೊತೆಗೆ ಇಳಿಸಿಕೊಳ್ಳಬಹುದು. ಮ್ಯಾಟ್ರಿಕ್ಸ್ ನೋಡಿಯೇ ಒಂದರ ಕೆಳಗೊಂದು ಚಿಕ್ಕ ಸಮಸ್ಯೆಗಳನ್ನು ಕಟ್ಟಿಕೊಳ್ಳುತ್ತದೆ. ಜಾಲ ಎಷ್ಟು ದೊಡ್ಡದು ಮಾಡಿದರೂ ಇಟರೇಷನ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನನಗೆ ಇದು ಇವತ್ತಿಗೂ ಖುಷಿ ಕೊಡುವ ವಿಷಯ. ಆದರೆ ಮೂರು ಆಯಾಮದಲ್ಲಿ ಹಾಗೇ ಬಿಡಬೇಡಿ. ಸ್ಟ್ರಾಂಗ್ ಥ್ರೆಶೋಲ್ಡ್ (ಯಾವ ಚರಾಕ್ಷರಗಳ ನಂಟು ಗಟ್ಟಿ ಅಂತ ತೀರ್ಮಾನಿಸುವ ಮಿತಿ) ಡಿಫಾಲ್ಟ್ 0.25 ಇರುತ್ತದೆ, ಅದು ಎರಡು ಆಯಾಮಕ್ಕೆ ಸರಿ. ಮೂರರಲ್ಲಿ ಕೆಳಗಿನ ಹಂತದ ಮ್ಯಾಟ್ರಿಕ್ಸ್‌ಗಳು ಸೊನ್ನೆಯಲ್ಲದ ಅಂಕಿಗಳಿಂದ ತುಂಬಿಕೊಂಡು ಮೆಮೊರಿ, ಪ್ರೋಸೆಸ್‌ಗಳ ನಡುವಿನ ಎಂಪಿಐ ಸಂದೇಶ ಎರಡೂ ಉಬ್ಬುತ್ತವೆ. 0.5 ಅಥವಾ ಸ್ವಲ್ಪ ಜಾಸ್ತಿ ಇಡಿ, ಕೋರ್ಸನಿಂಗ್‌ಗೆ (ಚಿಕ್ಕ ಸಮಸ್ಯೆಗೆ ಯಾವ ಚರಾಕ್ಷರ ಉಳಿಸಿಕೊಳ್ಳಬೇಕು ಅನ್ನುವ ಆಯ್ಕೆಗೆ) ಎಚ್‌ಎಂಐಎಸ್ ಎಂಬ ವಿಧಾನ ಕೊಡಿ. ಇಟರೇಷನ್ ಕೊಂಚ ಏರಬಹುದು, ಒಟ್ಟು ಸಮಯ ಇಳಿಯುತ್ತದೆ. ನೋಡಬೇಕಾದ್ದು ಅದೇ ಅಲ್ವಾ? ಲಾಗ್ ವ್ಯೂ ಎಂಬ ಆಪ್ಷನ್ ಹಾಕಿದರೆ ಪ್ರಿಕಂಡಿಷನರ್ ಕಟ್ಟಲು ಎಷ್ಟು ಹೊತ್ತು, ಬಳಸಲು ಎಷ್ಟು ಹೊತ್ತು ಅಂತ ಬೇರೆ ಬೇರೆ ತೋರಿಸುತ್ತದೆ. ಮ್ಯಾಟ್ರಿಕ್ಸ್ ಮೆಲ್ಲಗೆ ಬದಲಾಗುವ ಲೆಕ್ಕವಾದರೆ ಒಮ್ಮೆ ಕಟ್ಟಿದ್ದನ್ನೇ ಮುಂದಿನ ಹೆಜ್ಜೆಗಳಿಗೂ ಬಳಸಿ.

ಮೂರು ಆಯಾಮದ ಎಲಾಸ್ಟಿಸಿಟಿಗೆ (ಘನವಸ್ತು ಬಾಗುವ, ಹಿಗ್ಗುವ ಲೆಕ್ಕಕ್ಕೆ) ಪೆಟ್‌ಸಿಯದ್ದೇ ಆದ ಗ್ಯಾಮ್ಗ್ ಎಂಬ ಮಲ್ಟಿಗ್ರಿಡ್ ಚೆನ್ನಾಗಿದೆ, ಒಂದು ಷರತ್ತಿನ ಮೇಲೆ: ಬ್ಲಾಕ್ ಸೈಜ್ (ಪ್ರತಿ ಬಿಂದುವಿನ ಚರಾಕ್ಷರಗಳ ಸಂಖ್ಯೆ) 3 ಅಂತ ಹೇಳಿ, ವಸ್ತು ಬಾಗದೆ ಸರಿಯುವ ಮತ್ತು ತಿರುಗುವ 6 ಮೋಡ್‌ಗಳನ್ನು ಅದಕ್ಕೆ ಕೊಡಬೇಕು. ಕೊಡದಿದ್ದರೆ ಒದ್ದಾಡುತ್ತದೆ. ನಿಧಾನವಾಗಿ ಹರಿಯುವ ದ್ರವದ ಸ್ಟೋಕ್ಸ್ ಸಮೀಕರಣ ಇದ್ದರೆ ವೇಗ, ಒತ್ತಡಗಳನ್ನು ಬೇರೆ ಬೇರೆಯಾಗಿ ನೋಡುವ ಫೀಲ್ಡ್‌ಸ್ಪ್ಲಿಟ್ ಹಾಕಿ, ಯಾಕಂದ್ರೆ ಒತ್ತಡದ ಬ್ಲಾಕ್‌ನ ಕರ್ಣದಲ್ಲಿ ಸೊನ್ನೆಗಳಿರುತ್ತವೆ, ಐಎಲ್‌ಯು ಅಲ್ಲೇ ಮುರಿದು ಬೀಳಬಹುದು. ಕಾಲದ ಹೆಜ್ಜೆ ತುಂಬ ಚಿಕ್ಕದಿದ್ದರೆ ಬ್ಲಾಕ್ ಜಾಕೋಬಿಯೇ ಸಾಕು, ಅಲ್ಲಿ ಸುಮ್ನೆ ಮಲ್ಟಿಗ್ರಿಡ್ ಕಟ್ಟಿ ಸಮಯ ಕಳೆಯಬೇಡಿ.

ಇನ್ನೊಂದು ವಿಷಯ ಜೋರಾಗಿಯೇ ಹೇಳಬೇಕು. ಜಿಎಂರೆಸ್ ಡಿಫಾಲ್ಟ್ ಆಗಿ ಪ್ರಿಕಂಡಿಷನ್ ಆದ ರೆಸಿಡ್ಯುಯಲ್ (ಸಮೀಕರಣದಲ್ಲಿ ಇನ್ನೂ ಉಳಿದ ವ್ಯತ್ಯಾಸ) ನೋಡಿ ನಿಲ್ಲುತ್ತದೆ. ಪ್ರಿಕಂಡಿಷನರ್ ಕೆಟ್ಟದಿದ್ದರೆ ಆ ಅಂಕಿ ಚೆನ್ನಾಗಿ ಇಳಿದಂತೆ ಕಂಡು ಉತ್ತರ ಮಾತ್ರ ತಪ್ಪಿರಬಹುದು. ಹೊಸ ಪ್ರಿಕಂಡಿಷನರ್ ಹಾಕಿದಾಗಲೆಲ್ಲ ಮೂಲ ಸಮೀಕರಣದ ವ್ಯತ್ಯಾಸವನ್ನೇ ತೋರಿಸುವ ಟ್ರೂ ರೆಸಿಡ್ಯುಯಲ್ ಮಾನಿಟರ್ ಆನ್ ಮಾಡಿ.

ಕೈಪಿಡಿ ದಪ್ಪ, ಹೈಪರ್ ಆಪ್ಷನ್‌ಗಳ ಹೆಸರು ಉದ್ದ, ವಿವರಣೆ ಚುಟುಕು. ಅಷ್ಟು ಕಷ್ಟ ಇದ್ದೇ ಇದೆ. ಇನ್ನು ನಿಮ್ಮದು ಎರಡು ಆಯಾಮದ, ಕೆಲವೇ ಲಕ್ಷ ಚರಾಕ್ಷರಗಳ ಲೆಕ್ಕವಾದರೆ ಇದ್ಯಾವುದೂ ಬೇಡ. ಪೆಟ್‌ಸಿ ಮೂಲಕವೇ ಮಂಪ್ಸ್ ಎಂಬ ಡೈರೆಕ್ಟ್ ಸಾಲ್ವರ್ (ಇಟರೇಷನ್ ಇಲ್ಲದೆ ನೇರವಾಗಿ ಬಿಡಿಸುವಂಥದ್ದು) ಕರೆಯಿರಿ, ಕೆಲಸ ಮುಗಿಯುತ್ತದೆ.