ಬಾಣೆಯ ಮರಗಳ ನಡುವೆ ಮೂರು ಡಿಸ್ಕ್: ಯಾವುದು ಕೈಗೆ ಒಗ್ಗಿತು?

ಕೊಡಗಿನ ನಾಪೋಕ್ಲು ಕಡೆ ನಮ್ಮ ಮನೆಯ ಹಿಂದೆ ಮೂರು ಎಕರೆ ಬಾಣೆ, ಅಂದರೆ ಮರಗಳಿರುವ ಜಾಗ, ಇದೆ. ಅಲ್ಲಿ ಕಾಫಿ ಹಾಕಿಲ್ಲ. ಸಿಲ್ವರ್ ಓಕ್ ಜಾಸ್ತಿ, ನಡುವೆ ನಾಲ್ಕು ಹಲಸು, ಒಂದೆರಡು ನೇರಳೆ. ಅಂಚಿನ ಸಾಲಿನ ಮರಗಳಿಗೆ ಕರಿಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಜಾಗ ಇಳಿಜಾರು. ಕೆಳಗೆ ತೋಡು, ತೋಡು ದಾಟಿದರೆ ಗದ್ದೆ. ಎರಡು ವರ್ಷದಿಂದ ನಾನು ಮತ್ತು ನನ್ನ ಭಾವಮೈದ ಭಾನುವಾರ ಬೆಳಿಗ್ಗೆ ಇಲ್ಲೇ ಡಿಸ್ಕ್ ಗಾಲ್ಫ್ ಆಡುತ್ತೇವೆ.

ಆಟ ಸುಲಭ. ಚೆಂಡಿನ ಬದಲು ತಟ್ಟೆಯಂಥ ಡಿಸ್ಕ್, ಗುಂಡಿಯ ಬದಲು ಸರಪಳಿ ಇಳಿಬಿಟ್ಟ ಬುಟ್ಟಿ. ಡಿಸ್ಕ್ ಎಲ್ಲಿ ಬಿತ್ತೋ ಅಲ್ಲಿಂದಲೇ ಮುಂದಿನ ಎಸೆತ. ಕಡಿಮೆ ಎಸೆತದಲ್ಲಿ ಬುಟ್ಟಿ ಮುಟ್ಟಿಸಿದವರು ಗೆದ್ದರು. ನಾನು ಇದನ್ನು ಮೊದಲು ಆಡಿದ್ದು ಅಕ್ಕನ ಮನೆಗೆ ಹೋಗಿದ್ದಾಗ, ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ. ಊರಿನೊಳಗಿನ ಪಾರ್ಕು, ಆದರೆ ಒಳಗೆ ಕಾಲಿಟ್ಟರೆ ದೊಡ್ಡ ದೊಡ್ಡ ಮರಗಳು, ಅವುಗಳ ಸಂದಿಯಲ್ಲಿ 18 ಬುಟ್ಟಿಗಳು. ನೀಲಗಿರಿ ಎಲೆಯ ವಾಸನೆ ಮೂಗಿಗೆ ಬಡಿದಾಗ ನನಗೆ ನಮ್ಮ ಬಾಣೆಯೇ ಕಣ್ಣ ಮುಂದೆ ಬಂತು. ಇದನ್ನು ಅಲ್ಲೂ ಆಡಬಹುದಲ್ವಾ ಅಂತ ಆಗಲೇ ಅನ್ನಿಸಿತ್ತು.

ನಮ್ಮ ಬಾಣೆಯಲ್ಲಿ ಆರು ಗುರಿ ಮಾಡಿಕೊಂಡಿದ್ದೇವೆ. ಚಿಕ್ಕದು 35 ಮೀಟರ್, ಉದ್ದದ್ದು 70. ಎಲ್ಲವೂ ಮೂರು ಎಸೆತದ ಲೆಕ್ಕ, ಅಂದರೆ ಒಂದು ಸುತ್ತಿಗೆ 18. ಎಲ್ಲೂ ಬಯಲಿಲ್ಲ. ಎರಡು ಮರದ ನಡುವೆ ಮೂರು ಮಾರು ಜಾಗ ಸಿಕ್ಕರೆ ಅದೇ ದೊಡ್ಡ ದಾರಿ.

ಆಟ ನೋಡಿದ ನೆಂಟರು, ಗೆಳೆಯರು ಎಲ್ಲರೂ ಕೇಳುವುದು ಒಂದೇ ಮಾತು: ಒಂದೇ ಒಂದು ಡಿಸ್ಕ್ ತರಿಸುವುದಾದರೆ ಯಾವುದು? ಸುಮ್ನೆ ಬಾಯಿಗೆ ಬಂದದ್ದು ಹೇಳಿ ಅವರ ದುಡ್ಡು ಹಾಳು ಮಾಡಲು ಮನಸ್ಸಾಗಲಿಲ್ಲ. ಹುತ್ತರಿ ಹಬ್ಬ ಕಳೆದ ಮೇಲೆ ಮೂರು ಭಾನುವಾರ ಹೀಗೆ ಮಾಡಿದೆವು. ಒಂದು ಭಾನುವಾರಕ್ಕೆ ಒಂದೇ ಬಗೆಯ ಡಿಸ್ಕ್. ಎಸೆಯುವುದೂ ಅದರಲ್ಲೇ, ಬುಟ್ಟಿಗೆ ಹಾಕುವುದೂ ಅದರಲ್ಲೇ. ಎರಡು ಸುತ್ತು.

ಮೊದಲು ಡಿಸ್ಕ್ ಮೇಲಿನ ನಾಲ್ಕು ಅಂಕಿಗಳ ಬಗ್ಗೆ ಒಂದು ಮಾತು. ಮೊದಲನೆಯದು ವೇಗ, ಎರಡನೆಯದು ಎಷ್ಟು ಹೊತ್ತು ತೇಲುತ್ತದೆ ಅನ್ನುವುದು. ಮೂರನೆಯದು ಜೋರಾಗಿ ಹೋಗುವಾಗ ಎಷ್ಟು ಬಲಕ್ಕೆ ತಿರುಗುತ್ತದೆ (ಮೈನಸ್ ಅಂದರೆ ಬಲಕ್ಕೆ), ನಾಲ್ಕನೆಯದು ಕೊನೆಯಲ್ಲಿ ವೇಗ ಇಳಿದಾಗ ಎಷ್ಟು ಎಡಕ್ಕೆ ವಾಲುತ್ತದೆ ಅನ್ನುವುದು. ಇದು ಬಲಗೈಯವರು ಹಿಂಗೈಯಲ್ಲಿ, ಅಂದರೆ ಕೈಯನ್ನು ಎದೆಗೆ ಅಡ್ಡಲಾಗಿ ತಂದು ಎಸೆದಾಗಿನ ಲೆಕ್ಕ. ಎಡಗೈಯವರಿಗೆ ಎಲ್ಲ ತಿರುಗಾಮುರುಗ.

ಮೊದಲ ಭಾನುವಾರ ಡ್ರೈವರ್, ಅಂದರೆ ದೂರದ ಎಸೆತದ ಡಿಸ್ಕ್. ಅಂಕಿ 12, 5, ಮೈನಸ್ 1, 3. ಅಂಚು ತೆಳು, ಚೂಪು. ಹೊಸಬರು ಅಂಗಡಿಯಲ್ಲಿ ಕೈ ಹಾಕುವುದು ಇದಕ್ಕೇ, ಯಾಕೆಂದರೆ ದೂರ ಹೋಗುತ್ತದೆ ಎಂದು ಕೇಳಿರುತ್ತಾರೆ. ಹೋಗುತ್ತದೆ, ಸುಳ್ಳಲ್ಲ. ಆದರೆ ಅದಕ್ಕೆ ತಕ್ಕ ತೋಳಿನ ವೇಗ ಬೇಕು. ಆ ವೇಗ ಸಿಗದಿದ್ದರೆ ಡಿಸ್ಕ್ ನೇರ ಹಾರುವ ಹಂತಕ್ಕೇ ಬರುವುದಿಲ್ಲ. ಕೈಬಿಟ್ಟ ಸ್ವಲ್ಪ ಹೊತ್ತಿಗೇ ಆ ಕೊನೆಯ ಅಂಕಿ, ಆ 3, ಕೆಲಸ ಶುರು ಮಾಡಿಬಿಡುತ್ತದೆ. ಎರಡನೇ ಗುರಿಯಲ್ಲಿ ನಾನು ಮೂರು ಸಲ ಎಸೆದೆ. ಮೂರು ಸಲವೂ ಎಡಗಡೆಯ ಅದೇ ಓಕ್ ಮರ. ತೊಗಟೆ ಚಕ್ಕೆ ಹಾರಿತು. ಹತ್ತಿರ ಹೋಗಿ ನೋಡಿದರೆ ಮರದಲ್ಲಿ ಬೆರಳುಗುರಿನಷ್ಟು ಕಚ್ಚು, ಡಿಸ್ಕಿನ ಅಂಚಿನಲ್ಲಿ ಗರಗಸ ಎಳೆದಂಥ ಗೀರು.

ಅದಕ್ಕಿಂತ ಬೇಜಾರಾಗಿದ್ದು ಅಂಚಿನ ಸಾಲಿನಲ್ಲಿ. ಡ್ರೈವರ್ ಹೋಗಿ ಮೆಣಸಿನ ಬಳ್ಳಿಗೆ ಬಡಿದು ಹಸಿ ಗೊಂಚಲು ನಾಲ್ಕೈದು ಉದುರಿತು. ಬಳ್ಳಿ ಬೆಳೆಸುವುದು ಎಷ್ಟು ಕಷ್ಟ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆ ಗುರಿಯನ್ನು ಅವತ್ತೇ ಹತ್ತು ಮೀಟರ್ ಒಳಕ್ಕೆ ಸರಿಸಿದೆವು. ನನ್ನ ಲೆಕ್ಕ ಮೊದಲ ಸುತ್ತಿಗೆ 27, ಎರಡನೆಯದಕ್ಕೆ 25.

"ಭಾವ, ನಿಮಗೆ ದೂರ ಬೇಕಾಗಿರುವುದು ಎಲ್ಲಿ? ಇಲ್ಲಿ ದಾರಿ ಬೇಕು," ಅಂದ ಭಾವಮೈದ. ಅವನು ಶಾಲೆಯಿಂದಲೇ ಹಾಕಿ ಆಡಿದವನು. ಚೆಂಡು ಎಲ್ಲಿಗೆ ಹೋಗಬೇಕು ಎಂದು ಮೊದಲು ನೋಡಿ ಆಮೇಲೆ ಕೋಲು ಬೀಸುವ ಅಭ್ಯಾಸ ಅವನದು.

ಎರಡನೇ ಭಾನುವಾರ ಮಿಡ್‌ರೇಂಜ್. ಮಧ್ಯಮ ದೂರದ ಡಿಸ್ಕ್ ಇದು. ನಮ್ಮಲ್ಲಿರುವುದು ಡಿಸ್ಕ್ರಾಫ್ಟ್ ಕಂಪನಿಯ ಬಝ್, ಅಂಕಿ 5, 4, ಮೈನಸ್ 1, 1. ಇದು ಕೈಯಿಂದ ಹೊರಟ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ಮುಕ್ಕಾಲು ಶಕ್ತಿಯಲ್ಲಿ ಎಸೆದರೂ ನೇರ ಹೋಗುತ್ತದೆ, ಕೊನೆಯಲ್ಲಿ ಸ್ವಲ್ಪ ಎಡಕ್ಕೆ ಬಂದು ಕೂರುತ್ತದೆ. 70 ಮೀಟರಿನ ಐದನೇ ಗುರಿಗೆ ಮೂರರಲ್ಲೂ ಇದೇ ಒಳ್ಳೆಯದು. ಅಲ್ಲಿ ಹಲಸಿನ ಕೊಂಬೆ ತಗ್ಗಿದೆ, ಮೇಲಿನಿಂದ ಹೋಗಲಾಗದು. ಎದೆಯ ಎತ್ತರದಲ್ಲೇ ಚಪ್ಪಟೆಯಾಗಿ ಹೋಗಬೇಕು. ಬಝ್ ಎರಡು ಸುತ್ತಿನಲ್ಲೂ ಕೊಂಬೆಯ ಕೆಳಗೆ ನುಗ್ಗಿ ಬುಟ್ಟಿಯಿಂದ ಏಳೆಂಟು ಹೆಜ್ಜೆಯಲ್ಲಿ ನಿಂತಿತು. ಲೆಕ್ಕ 21 ಮತ್ತು 20. ಚಿಕ್ಕ ಗುರಿಗಳಲ್ಲಿ ಮಾತ್ರ ಬುಟ್ಟಿ ದಾಟಿ ಹೋಗಿಬಿಡುತ್ತಿತ್ತು, ಅಲ್ಲೇ ಎರಡು ಎಸೆತ ಕಳೆದುಕೊಂಡೆ.

ಮೂರನೇ ಭಾನುವಾರ ಪಟರ್, ಅಂದರೆ ಬುಟ್ಟಿಗೆ ಹಾಕುವ ಡಿಸ್ಕ್. ಇನ್ನೋವಾ ಕಂಪನಿಯ ಏವಿಯರ್. ಅಂಕಿ 2, 3, 0, 1. ಹೆಸರು ಕೇಳಿದವರು ಇದು ಬುಟ್ಟಿಯ ಹತ್ತಿರ ಬಂದ ಮೇಲೆ ಮಾತ್ರ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಟೀಯಿಂದಲೇ, ಅಂದರೆ ಮೊದಲ ಎಸೆತದ ಜಾಗದಿಂದಲೇ, ಇದನ್ನು ಎಸೆಯಲು ಶುರು ಮಾಡಿದ ಮೇಲೆ ನಮ್ಮ ಬಾಣೆ ಬೇರೆಯೇ ಜಾಗ ಅನ್ನಿಸಿತು. ಅಂಚು ದಪ್ಪ, ಮೊಂಡು. ಕೈ ತುಂಬ ಸಿಗುತ್ತದೆ. ನಿಧಾನ ಹೋಗುತ್ತದೆ, ಆದ್ದರಿಂದ ಕಣ್ಣಿಗೆ ದಾರಿ ಕಾಣುತ್ತದೆ. ಮರಕ್ಕೆ ಬಡಿದರೂ 'ಟಪ್' ಎಂದು ಅಲ್ಲೇ ಬುಡದಲ್ಲಿ ಬೀಳುತ್ತದೆ. ಡ್ರೈವರ್ ಮರಕ್ಕೆ ಬಡಿದರೆ ಪಕ್ಕಕ್ಕೆ ಇಪ್ಪತ್ತು ಮೀಟರ್ ಚಿಮ್ಮುತ್ತದೆ. ಅಲ್ಲಿಂದ ವಾಪಸ್ ದಾರಿಗೆ ಬರಲು ಒಂದು ಎಸೆತ ದಂಡ ಆದಂತೆಯೇ. ಕಾಡಿನ ನಡುವೆ ಆಡುವಾಗ ಒಳ್ಳೆಯ ಎಸೆತ ಎಷ್ಟು ಒಳ್ಳೆಯದು ಅನ್ನುವುದಕ್ಕಿಂತ ಕೆಟ್ಟ ಎಸೆತ ಎಷ್ಟು ಕೆಟ್ಟದ್ದು ಅನ್ನುವುದೇ ಲೆಕ್ಕಕ್ಕೆ ಬರುತ್ತದೆ. ಏವಿಯರ್ ಗೆದ್ದದ್ದು ಅಲ್ಲಿ. ಲೆಕ್ಕ 19, ಆಮೇಲೆ 20. ಐದನೇ ಗುರಿ ಬಿಟ್ಟರೆ ಎಲ್ಲೂ ಮಿಡ್‌ರೇಂಜಿನ ನೆನಪೇ ಬರಲಿಲ್ಲ.

ಇದಕ್ಕೆ ಹಳೆಯ ಕಾರಣವೂ ಇದೆ ಎಂದು ನನ್ನ ನಂಬಿಕೆ. ಫ್ರಿಸ್ಬೀ ತಯಾರಿಸುವ ವ್ಯಾಮ್-ಓ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ಎಂಬವರು ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಕೋರ್ಸ್ ಮಾಡಿದ್ದು 1975ರಲ್ಲಿ. ಅಂಚು ಚೂಪು ಮಾಡಿದ ಡಿಸ್ಕ್ ಬಂದದ್ದು 1983ರಲ್ಲಿ. ಅಲ್ಲಿಯವರೆಗೆ ಎಲ್ಲರೂ ಎಸೆದದ್ದು ಮೊಂಡು ಅಂಚಿನವನ್ನೇ. ನಮ್ಮ ಮೂರು ಎಕರೆ ಆ ಕಾಲದ ಡಿಸ್ಕಿಗೆ ಹೇಳಿ ಮಾಡಿಸಿದ ಅಳತೆ.

ಮೊದಲು ಗುರಿಗೆ ಕಂಬ ಇಟ್ಟು, ಆಮೇಲೆ ಸರಪಳಿಯ ಬುಟ್ಟಿಯನ್ನು ಕಂಡುಹಿಡಿದವರೂ ಹೆಡ್ರಿಕ್ ಅವರೇ. ನಾವೂ ಅದೇ ದಾರಿಯಲ್ಲಿ ನಡೆದೆವು. ಮೊದಲ ಆರು ತಿಂಗಳು ಮರಕ್ಕೆ ಕೆಂಪು ಟೇಪ್ ಸುತ್ತಿ, ಮುಟ್ಟಿದರೆ ಆಯಿತು ಅನ್ನುತ್ತಿದ್ದೆವು. ಮುಟ್ಟಿತಾ ಇಲ್ವಾ ಅಂತ ದಿನಾ ಜಗಳ. ಆಮೇಲೆ ವಿರಾಜಪೇಟೆಯಲ್ಲಿ ಹಳೆಯ ಸೈಕಲ್ ರಿಮ್ಮಿಗೆ ಸರಪಳಿ ಬೆಸೆಸಿ, ಪೈಪಿಗೆ ಕೂರಿಸಿ ತಂದೆವು. ಡಿಸ್ಕ್ ಸರಪಳಿಗೆ ತಾಗಿ 'ಝಲ್' ಅಂದರೆ ಮುಗಿಯಿತು, ಕೇಳುವವರೇ ಇಲ್ಲ. ಮರ ಮತ್ತು ಬುಟ್ಟಿಯಲ್ಲಿ ಯಾವುದು ಎಂದು ಕೇಳಿದರೆ ಒಂದಾದರೂ ಬುಟ್ಟಿ ಮಾಡಿಸಿಕೊಳ್ಳಿ. ಮೊಂಡು ಅಂಚಿನ ಪಟರ್ ಸರಪಳಿಯಲ್ಲಿ ಚೆನ್ನಾಗಿ ನಿಲ್ಲುತ್ತದೆ, ಅದೂ ಒಂದು ಲಾಭ.

ಬಣ್ಣದ ವಿಷಯಕ್ಕೆ ಯಾರೂ ಗಮನ ಕೊಡುವುದಿಲ್ಲ. ಕೊಡಬೇಕು. ಡಿಸ್ಕ್ ಕಳೆದುಹೋದರೆ ನಿಯಮದ ಪ್ರಕಾರ ಹುಡುಕಲು ಮೂರೇ ನಿಮಿಷ, ಸಿಗದಿದ್ದರೆ ಒಂದು ಎಸೆತ ದಂಡ. ನಮ್ಮ ಮೊದಲ ಏವಿಯರ್ ಬಿಳಿ. ಸಿಲ್ವರ್ ಓಕ್ ಎಲೆ ಉದುರಿದಾಗ ಬೆಳ್ಳಿ ಬಣ್ಣದ ಹಿಂಭಾಗ ಮೇಲಾಗಿ ಬೀಳುತ್ತದಲ್ಲ, ಆ ಎಲೆಗಳ ಮೇಲೆ ಬಿಳಿ ಡಿಸ್ಕ್ ಕಾಲಡಿಯಲ್ಲೇ ಇದ್ದರೂ ಕಾಣಲಿಲ್ಲ. ಕಿತ್ತಳೆ ಬಣ್ಣದ್ದು ತಂದೆವು. ಅದು ಹಲಸಿನ ಮರದ ಕೆಳಗೆ ಹೋಯಿತು. ಹಣ್ಣಾದ ಹಲಸಿನ ಎಲೆಯ ಬಣ್ಣ ನಿಮಗೆ ಗೊತ್ತಲ್ಲ, ಅದೇ ಬಣ್ಣ. ಈಗ ಗುಲಾಬಿ. ನಮ್ಮ ಬಾಣೆಯಲ್ಲಿ ಆ ಬಣ್ಣದ್ದು ಬೇರೇನೂ ಇಲ್ಲ, ದೂರದಿಂದಲೇ ಕಾಣುತ್ತದೆ.

ಇಳಿಜಾರು ಮಾತ್ರ ಯಾವ ಡಿಸ್ಕಿಗೂ ರಿಯಾಯಿತಿ ಕೊಡುವುದಿಲ್ಲ. ಅಂಚಿನ ಮೇಲೆ ಬಿದ್ದರೆ ಪಟರ್ ಕೂಡ ಚಕ್ರದ ಹಾಗೆ ಉರುಳಿ ತೋಡಿಗೆ ಇಳಿಯುತ್ತದೆ. ಮೂರನೇ ಗುರಿಯಲ್ಲಿ ನಾವು ಬುಟ್ಟಿಯ ಮೇಲ್ಭಾಗಕ್ಕೆ ಗುರಿಯಿಟ್ಟು ಮೆತ್ತಗೆ ಇಳಿಸುವುದನ್ನು ಕಲಿತೆವು.

ಮಳೆಗಾಲದಲ್ಲಿ ಜಿಗಣೆ ಕಾಟ, ಡಿಸ್ಕೂ ಜಾರುತ್ತದೆ. ನಯವಾದ ಗಟ್ಟಿ ಪ್ಲಾಸ್ಟಿಕ್ ಬಹಳ ದಿನ ಬಾಳುತ್ತದೆ, ಆದರೆ ಒದ್ದೆಯಾದರೆ ಸೋಪಿನ ಹಾಗೆ. ಸಾದಾ ಪ್ಲಾಸ್ಟಿಕ್ ಬೇಗ ಸವೆಯುತ್ತದೆ, ಆದರೆ ಹಿಡಿತ ಒಳ್ಳೆಯದು. ಮಂಜು ಇರುವ ಬೆಳಿಗ್ಗೆಗೆ ನಾನು ಸಾದಾ ಪ್ಲಾಸ್ಟಿಕ್ಕನ್ನೇ ಆರಿಸುತ್ತೇನೆ, ಸೊಂಟಕ್ಕೆ ಒಂದು ಟವೆಲ್ ಸಿಕ್ಕಿಸಿಕೊಂಡು. ಹತ್ತಿರದಲ್ಲಿ ಆನೆ ಬಂದ ಸುದ್ದಿ ಇದ್ದರೆ ಅವತ್ತು ಆಟವೇ ಇಲ್ಲ. ದೇವರಕಾಡಿನ ಕಡೆಗೂ ಹೋಗುವುದಿಲ್ಲ.

ಹಾಗಾಗಿ ಒಂದೇ ತರಿಸುವವರಿಗೆ ನನ್ನ ಉತ್ತರ ಪಟರ್, ಗುಲಾಬಿ, ಸಾದಾ ಪ್ಲಾಸ್ಟಿಕ್. ಎರಡು ತರಿಸುವುದಾದರೆ ಜೊತೆಗೆ ಬಝ್‌ನಂಥ ಮಿಡ್‌ರೇಂಜ್. ಊರ ಮೈದಾನ ದೊಡ್ಡದಿದ್ದು, ತೋಳಿನಲ್ಲಿ ಬಲವೂ ಇದ್ದರೆ ಡ್ರೈವರ್ ಮಾತು ಬೇರೆ. ಮರಗಳ ನಡುವೆ ಆಡುವವರು ಅದನ್ನು ಈಗಲೇ ತರಿಸಬೇಡಿ.

ನಾಲ್ಕನೇ ಗುರಿ ಮಾತ್ರ ಇನ್ನೂ ಬಾಕಿ ಇದೆ. ಅಲ್ಲಿ ದಾರಿ ಕೊನೆಯಲ್ಲಿ ಬಲಕ್ಕೆ ತಿರುಗುತ್ತದೆ. ಹಿಂಗೈ ಎಸೆತ ಕೊನೆಗೆ ಎಡಕ್ಕೇ ಹೋಗುವುದರಿಂದ ಮೂರು ಡಿಸ್ಕೂ ಅಲ್ಲಿ ಸೋತವು. ಮುಂಗೈಯಲ್ಲಿ, ಅಂದರೆ ಪಕ್ಕದಿಂದ ಮಣಿಕಟ್ಟು ಚಿಮ್ಮಿಸಿ ಎಸೆದರೆ ಡಿಸ್ಕ್ ಬಲಕ್ಕೆ ವಾಲುತ್ತದೆ. ಭಾವಮೈದನಿಗೆ ಅದು ಆಗಲೇ ಕೈ ಹತ್ತಿದೆ, ಹಾಕಿ ಆಡಿದ ಮಣಿಕಟ್ಟಲ್ವಾ. ನೇರಳೆ ಮರದ ಬಲಕ್ಕೆ ಸುತ್ತಿಸಿ ಬುಟ್ಟಿಯ ಕಾಲಿಗೆ ಎರಡು ಸಲ ತಾಗಿಸಿದ. ನನ್ನದು ಇನ್ನೂ ನೇರಳೆಗೇ ಬಡಿಯುತ್ತಿದೆ. ಈ ಭಾನುವಾರ ಅದೊಂದೇ ಗುರಿಗೆ ಐವತ್ತು ಎಸೆತ ಎಂದು ಮಾತಾಗಿದೆ.