ರೇಕ್ಯಾವಿಕ್‌ನ ಬಡಾವಣೆ ಈಜುಕೊಳ: ಈಜು ಬಾರದವರೂ ಹೋಗಲೇಬೇಕಾದ ಜಾಗ

ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನ ಪಶ್ಚಿಮ ಬಡಾವಣೆಯಲ್ಲಿ ವೆಸ್ಟುರ್‌ಬೈಯರ್‌ಲೋಯ್ಗ್ ಅನ್ನುವ ಈಜುಕೊಳ ಇದೆ. 1961ರಲ್ಲಿ ಶುರುವಾದದ್ದು, ನಗರಾಡಳಿತವೇ ನಡೆಸುತ್ತದೆ. ಆ ದೇಶಕ್ಕೆ ಹೊರಟ ನಮ್ಮವರು ಯಾರೇ ಕೇಳಿದರೂ ನಾನು ಮೊದಲು ಹೇಳುವ ಹೆಸರು ಇದೇ. ರಾತ್ರಿ ಆಕಾಶದಲ್ಲಿ ಕಾಣುವ ಹಸಿರು ಬೆಳಕು, ಜಲಪಾತ, ಹಿಮಗಡ್ಡೆ ಎಲ್ಲ ಆಮೇಲೆ ನೋಡಿದರಾಯಿತು.

ನನ್ನ ಮಗಳು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ಅವಳ ರೂಮಿನಿಂದ ಈ ಕೊಳಕ್ಕೆ ನಡೆದೇ ಹೋಗಬಹುದು. ಒಂದು ಚಳಿಗಾಲ ಅವಳ ಜೊತೆ ಇದ್ದೆ. ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವಳು, ಈಜು ಬರುವುದಿಲ್ಲ. ಬರಬೇಕು ಅಂತಲೂ ಇಲ್ಲ. ಕೊಳಕ್ಕೆ ಬರುವವರಲ್ಲಿ ಎಷ್ಟೋ ಜನ ಈಜುವುದೇ ಇಲ್ಲ, ಬಿಸಿನೀರಿನ ತೊಟ್ಟಿಯಲ್ಲಿ ಕೂತು ಮಾತಾಡಿ ಮನೆಗೆ ಹೋಗುತ್ತಾರೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಕೊಳ ಇರುವುದು ಬಯಲಲ್ಲಿ. ಮೇಲೆ ಚಾವಣಿ ಇಲ್ಲ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು 11 ಗಂಟೆ ದಾಟಿದ ಮೇಲೆ, ಮುಳುಗುವುದು ಮಧ್ಯಾಹ್ನ ಮೂರೂವರೆಗೆ. ಉಳಿದ ಹೊತ್ತೆಲ್ಲ ಕತ್ತಲು. ರೇಕ್ಯಾವಿಕ್‌ನಲ್ಲಿ ಚಳಿ ನಾವು ಅಂದುಕೊಂಡಷ್ಟು ಭಯಂಕರ ಅಲ್ಲ, ಸೊನ್ನೆ ಡಿಗ್ರಿಯ ಆಚೀಚೆ ಇರುತ್ತದೆ. ನಿಜವಾಗಿ ಕಾಡುವುದು ಗಾಳಿ. ಆಲಿಕಲ್ಲು ಮೇಲಿನಿಂದ ಬೀಳದೆ ಪಕ್ಕದಿಂದ ಬಂದು ಮುಖಕ್ಕೆ ಹೊಡೆಯುತ್ತದೆ. ಅಂಥ ಹೊತ್ತಿನಲ್ಲೂ ಜನ ತಲೆಗೆ ಉಣ್ಣೆ ಟೋಪಿ ಹಾಕಿಕೊಂಡು, ಕುತ್ತಿಗೆವರೆಗೆ ಬಿಸಿನೀರಿನಲ್ಲಿ ಮುಳುಗಿ ಹರಟುತ್ತಿರುತ್ತಾರೆ.

ಈಗ ಎಲ್ಲರೂ ಹೆದರುವ ಭಾಗಕ್ಕೆ ಬರುತ್ತೇನೆ. ನೀರಿಗೆ ಇಳಿಯುವ ಮೊದಲು ಬಟ್ಟೆ ಪೂರ್ತಿ ತೆಗೆದು, ಸೋಪು ಹಚ್ಚಿ ಸ್ನಾನ ಮಾಡಲೇಬೇಕು. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಕೋಣೆ. ಆದರೆ ಒಳಗೆ ಶವರ್‌ಗಳೆಲ್ಲ ಸಾಲಾಗಿ ತೆರೆದೇ ಇರುತ್ತವೆ. ಗೋಡೆಯ ಮೇಲೆ ಮನುಷ್ಯನ ಚಿತ್ರ ಅಂಟಿಸಿರುತ್ತಾರೆ. ತಲೆ, ಕಂಕುಳು, ತೊಡೆಸಂದು, ಪಾದ, ಇಷ್ಟಕ್ಕೂ ಗುರುತು ಹಾಕಿ, ಇಲ್ಲೆಲ್ಲ ಸೋಪಿನಿಂದ ತೊಳೆಯಿರಿ ಅಂತ ಹಲವು ಭಾಷೆಯಲ್ಲಿ ಬರೆದಿರುತ್ತಾರೆ. ಈಜುಡುಗೆ ಹಾಕಿಕೊಂಡೇ ಸ್ನಾನ ಮಾಡಿದರೆ ನಡೆಯುವುದಿಲ್ಲ. ಸಿಬ್ಬಂದಿ ನೋಡಿದರೆ ಬಂದು ಹೇಳುತ್ತಾರೆ. ಅವರು ಹೇಳದಿದ್ದರೆ ಪಕ್ಕದಲ್ಲಿ ನಿಂತ ಅಜ್ಜಿಯೇ ಹೇಳುತ್ತಾರೆ.

ಇದಕ್ಕೆ ಕಾರಣ ಇದೆ. ಎಲ್ಲರೂ ಸರಿಯಾಗಿ ತೊಳೆದುಕೊಂಡು ಬಂದರೆ ನೀರಿಗೆ ಕ್ಲೋರಿನ್ ಜಾಸ್ತಿ ಸುರಿಯಬೇಕಾಗಿಲ್ಲ. ನಾನು ಹೋದಾಗೆಲ್ಲ ನೀರು ತಿಳಿಯಾಗಿತ್ತು, ಕಣ್ಣು ಉರಿಯಲಿಲ್ಲ, ಮೂಗಿಗೆ ಔಷಧಿ ವಾಸನೆ ಬಡಿಯಲಿಲ್ಲ. ಒಬ್ಬರು ತಪ್ಪಿಸಿದರೂ ಉಳಿದವರ ನೀರು ಕೆಡುತ್ತದೆ. ಹಾಗಾಗಿ ಈ ನಿಯಮವನ್ನು ಮನಸ್ಸಿಟ್ಟು ಪಾಲಿಸಿ ಅಂತ ನಮ್ಮವರನ್ನು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದರೆ ಮನೆಯಲ್ಲೇ ಶಾಂಪೂ ಹಾಕಿ ತೊಳೆದು ಹೋಗಿ. ಅಂಟಿಸುವ ಬಿಂದಿ ತೆಗೆದಿಡಿ, ಇಲ್ಲದಿದ್ದರೆ ನೀರಲ್ಲಿ ತೇಲುತ್ತದೆ. ಉದ್ದ ಕೂದಲು ಇರುವವರು ಗಂಟು ಕಟ್ಟಿಕೊಳ್ಳಿ.

ನಾಚಿಕೆ ಆಗುವುದಿಲ್ಲವಾ ಅಂತ ನನ್ನ ತಂಗಿ ಫೋನಿನಲ್ಲಿ ಕೇಳಿದಳು. ಆಗುತ್ತದೆ. ಬಾಗಿಲಲ್ಲಿ ನಿಂತು ಟವೆಲ್ ಬಿಗಿಯಾಗಿ ಹಿಡಿದಿದ್ದೆ. ಮಗಳು ಮೆಲ್ಲಗೆ ಹೇಳಿದಳು, “ಅಮ್ಮಾ, ನೀನು ಯಾರನ್ನೂ ನೋಡ್ಬೇಡ, ನಿನ್ನನ್ನೂ ಯಾರೂ ನೋಡಲ್ಲ.” ಅದು ನಿಜ. ಎಪ್ಪತ್ತು ದಾಟಿದವರು, ಆಪರೇಷನ್ ಗಾಯದ ಗುರುತಿರುವವರು, ಬಸುರಿಯರು, ಶಾಲೆ ಹುಡುಗಿಯರು, ಎಲ್ಲರೂ ತಮ್ಮ ಪಾಡಿಗೆ ತಲೆ ಉಜ್ಜಿಕೊಳ್ಳುತ್ತಿದ್ದರು. ಒಬ್ಬ ತಾಯಿ ಪುಟ್ಟ ಮಗಳ ಕಾಲ್ಬೆರಳ ಸಂದಿಗೆ ಸೋಪು ಹಚ್ಚಿ, ಒಂದೊಂದೇ ಬೆರಳು ಬಿಡಿಸಿ ತೊಳೆಯುತ್ತಿದ್ದಳು. ಮಗು ಗೋಡೆಯ ಚಿತ್ರ ನೋಡಿ, ಇನ್ನು ಯಾವುದು ಬಾಕಿ ಅಂತ ತನ್ನ ಮೈಮೇಲೆ ಬೆರಳಿಟ್ಟು ತೋರಿಸುತ್ತಿತ್ತು. ಆ ಮಕ್ಕಳು ಚಿಕ್ಕಂದಿನಿಂದ ಎಲ್ಲ ವಯಸ್ಸಿನ, ಎಲ್ಲ ಆಕಾರದ ಮೈಗಳನ್ನು ಸಹಜವಾಗಿ ನೋಡಿ ಬೆಳೆಯುತ್ತಾರೆ. ನಮ್ಮ ಹುಡುಗಿಯರಿಗೂ ಅಂಥ ಅವಕಾಶ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನನಗೆ ಅನಿಸಿತು. ಆದರೂ ಆಗುವುದೇ ಇಲ್ಲ ಅನ್ನುವವರು ಕೌಂಟರಿನಲ್ಲಿ ಕೇಳಿ. ಎಷ್ಟೋ ಕೊಳಗಳಲ್ಲಿ ಮರೆ ಇರುವ ಒಂದು ಮೂಲೆ ಇರುತ್ತದೆ.

ನೀರಿಗೆ ಇಳಿಯುವಾಗ ಈಜುಡುಗೆ ಹಾಕಿಕೊಳ್ಳಬೇಕು. ಬೆಂಗಳೂರಿನಲ್ಲಿ ಕೊಂಡ, ಮಂಡಿ ಮುಚ್ಚುವ ಉದ್ದದ ಸೂಟು ನನ್ನದು. ಯಾರೂ ಏನೂ ಅನ್ನಲಿಲ್ಲ. ಈಜುಡುಗೆಯ ಬಟ್ಟೆ ಆಗಿದ್ದರೆ ಸಾಕು. ಹತ್ತಿಯ ಚೂಡಿದಾರ, ಟೀ ಶರ್ಟ್ ಬೇಡ.

ಆಮೇಲೆ ಬಾಗಿಲು ತೆಗೆದು ಹೊರಗೆ ಓಡುವುದು. ಒದ್ದೆ ಮೈ, ಬರಿಗಾಲು, ಎದುರಿಗೆ ಗಾಳಿ. ಹತ್ತಿಪ್ಪತ್ತು ಹೆಜ್ಜೆ ಅಷ್ಟೆ, ಆದರೆ ಆ ಹೆಜ್ಜೆಗಳಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೆ. ತೊಟ್ಟಿಗೆ ಇಳಿದ ಕೂಡಲೇ ಕಾಲಿನಿಂದ ಬಿಸಿ ಏರುತ್ತಾ ಬರುತ್ತದೆ. ತೊಟ್ಟಿಗಳಿಗೆ ಬೇರೆ ಬೇರೆ ಕಾವು. 38 ಡಿಗ್ರಿಯದು ಉಗುರುಬೆಚ್ಚಗಿಂತ ಸ್ವಲ್ಪ ಮೇಲೆ, ಮಕ್ಕಳನ್ನೂ ಕರೆದುಕೊಂಡು ಕೂರಬಹುದು. 40 ದಾಟಿದ್ದು ಹಿತ. 42ರಿಂದ 44ರವರೆಗಿನದು ಬರೀ ಗಟ್ಟಿಗರಿಗೆ. ಬಿಪಿ, ಹೃದಯದ ತೊಂದರೆ ಇದ್ದವರು ಮೊದಲೇ ಡಾಕ್ಟರನ್ನು ಕೇಳಿ, ಬಿಸಿ ಜಾಸ್ತಿ ಇರುವ ತೊಟ್ಟಿಯಿಂದ ದೂರ ಇರಿ. ನಡುನಡುವೆ ಎದ್ದು ನೀರು ಕುಡಿಯಬೇಕು. ಪಕ್ಕದಲ್ಲೇ ತಣ್ಣೀರಿನ ತೊಟ್ಟಿಯೂ ಇದೆ. ಅಲ್ಲಿನವರು ಬಿಸಿಯಿಂದ ಎದ್ದು ಸೀದಾ ಅದಕ್ಕೆ ಇಳಿದು, ಕುತ್ತಿಗೆವರೆಗೆ ಕೂತು, ಮತ್ತೆ ಬಿಸಿಗೆ ಬರುತ್ತಾರೆ. ಮಗಳೂ ಹಾಗೇ ಮಾಡುತ್ತಾಳೆ. ನಾನು ಮಂಡಿವರೆಗೆ ಇಳಿದು ಬಂದೆ, ಅಷ್ಟಕ್ಕೇ ಮೈ ಜುಮ್ಮೆಂದಿತು.

ತೊಟ್ಟಿಯಲ್ಲಿ ನಡೆಯುವ ಮಾತುಕತೆಯೇ ಈ ಜಾಗದ ಜೀವ. ಚಳಿಗಾಲದ ರಾತ್ರಿ ನಮ್ಮ ಕಡೆ ಅಡಿಕೆ ಸುಲಿಯಲು ಕೂತವರು ಊರಿನ ಸುದ್ದಿಯೆಲ್ಲ ಬಿಚ್ಚುವ ಹಾಗೆ ಇಲ್ಲಿ ರಾಜಕೀಯ, ಮನೆ ಬಾಡಿಗೆ, ಹವಾಮಾನ, ಯಾರದೋ ಮದುವೆ ಎಲ್ಲ ಬರುತ್ತದೆ. ಫೋನ್ ಯಾರ ಕೈಯಲ್ಲೂ ಇಲ್ಲ. ಮೈಮೇಲೆ ಬ್ಯಾಂಕಿನವರ ಕೋಟೂ ಇಲ್ಲ, ಕಸ ಗುಡಿಸುವವರ ಸಮವಸ್ತ್ರವೂ ಇಲ್ಲ, ಯಾರು ಏನು ಅಂತ ಗೊತ್ತಾಗುವುದೇ ಇಲ್ಲ. ಆ ದೇಶದಲ್ಲಿ ಅಧ್ಯಕ್ಷರನ್ನೂ ಸ್ವಂತ ಹೆಸರಿನಿಂದಲೇ ಕರೆಯುತ್ತಾರೆ. ಹೆಚ್ಚಿನವರಿಗೆ ಮನೆತನದ ಹೆಸರು ಇಲ್ಲ. ಅಪ್ಪನ ಹೆಸರಿಗೋ ಅಮ್ಮನ ಹೆಸರಿಗೋ ಮಗ, ಮಗಳು ಅಂತ ಸೇರಿಸಿಕೊಳ್ಳುತ್ತಾರೆ. ನಮ್ಮಲ್ಲೂ ಅಪ್ಪನ ಹೆಸರಿನ ಮೊದಲ ಅಕ್ಷರ ಇನಿಷಿಯಲ್ ಆಗುತ್ತದೆ ಅಂತ ಎದುರು ಕೂತಿದ್ದ ಅಜ್ಜಿಗೆ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು. ನಿಮ್ಮೂರಲ್ಲಿ ಮಳೆ ಎಷ್ಟು, ಅಡಿಕೆ ಅಂದರೆ ಏನು, ಮಗಳು ಏನು ಓದುತ್ತಾಳೆ ಅಂತ ಒಂದೊಂದಾಗಿ ಕೇಳಿದರು. ರಸ್ತೆಯಲ್ಲಿ ತಲೆ ತಗ್ಗಿಸಿಕೊಂಡು ಗಾಳಿಗೆ ಎದುರಾಗಿ ನಡೆಯುವ ಜನ, ತೊಟ್ಟಿಯಲ್ಲಿ ಕೂತಾಗ ಹೀಗೆ ಬಾಯಿ ಬಿಡುತ್ತಾರೆ. ಪರದೇಶದಲ್ಲಿ ಒಬ್ಬಳೇ ಓದುವ ಹುಡುಗಿಗೆ ಇಂಥ ಜಾಗ ಎಷ್ಟು ಬೇಕು ಅನ್ನುವುದು ತಾಯಿಯಾದ ನನಗೆ ಅಲ್ಲೇ ಗೊತ್ತಾಯಿತು.

ಇಷ್ಟೊಂದು ಬಿಸಿನೀರು ಎಲ್ಲಿಂದ ಅಂತ ಕೇಳುತ್ತೀರಿ ಅಲ್ವಾ? ನೆಲದಡಿಯಿಂದ. ಅಲ್ಲಿ ನೂರಕ್ಕೆ ತೊಂಬತ್ತರಷ್ಟು ಮನೆಗಳು ಬೆಚ್ಚಗಿರುವುದೇ ಭೂಮಿಯ ಕಾವಿನಿಂದ. ಸ್ನಾನದ ಬಿಸಿನೀರಿಗೆ ಸಣ್ಣಗೆ ಕೊಳೆತ ಮೊಟ್ಟೆಯ ವಾಸನೆ ಇರುತ್ತದೆ, ಅದು ಗಂಧಕದ್ದು, ಬೇಗ ಅಭ್ಯಾಸವಾಗುತ್ತದೆ. ಕುಡಿಯುವ ತಣ್ಣೀರಿನದು ಬೇರೆಯೇ ಕೊಳವೆ, ಬಲು ರುಚಿ, ಬಾಟಲಿ ನೀರು ಕೊಳ್ಳಬೇಡಿ.

ನಾನು ಪಟ್ಟು ಹಿಡಿದು ಹೋಗಿ ನೋಡಿದ ಇನ್ನೊಂದು ಜಾಗ ಲೋಯ್ಗರ್‌ದಾಲುರ್ ಕಣಿವೆಯ ಹಳೆಯ ಬಟ್ಟೆ ಒಗೆಯುವ ಬುಗ್ಗೆಗಳು. ಹಿಂದೆ ರೇಕ್ಯಾವಿಕ್‌ನ ಹೆಂಗಸರು ಊರಿನಿಂದ ಸುಮಾರು 3 ಕಿಲೋಮೀಟರ್ ದೂರ ಬಟ್ಟೆ ಗಂಟು ಹೊತ್ತು, ಚಳಿಯಲ್ಲಿ ನಡೆದು ಅಲ್ಲಿಗೆ ಬರುತ್ತಿದ್ದರು. ಕುದಿಯುವ ನೀರಿಗೆ ಜಾರಿಬಿದ್ದು ಸತ್ತವರೂ ಇದ್ದಾರೆ. ಆಮೇಲೆ ಬುಗ್ಗೆಗಳ ಮೇಲೆ ಕಬ್ಬಿಣದ ಕಮಾನುಗಳನ್ನು ಹಾಕಿದರು. ಅವರ ಓಡಾಟಕ್ಕೆ ಅಂತ 1885ರಲ್ಲಿ ಶುರುವಾದ ರಸ್ತೆಯೇ ಲೋಯ್ಗಾವೇಗುರ್. ಇವತ್ತು ಊರಿನ ದೊಡ್ಡ ಅಂಗಡಿ ಬೀದಿ ಅದು. 1930ರಲ್ಲಿ ಇದೇ ಕಣಿವೆಯಿಂದ ಕೊಳವೆ ಎಳೆದು ಊರಿನ ಒಂದು ಶಾಲೆಗೆ, ಕೆಲವು ಮನೆಗಳಿಗೆ ಬಿಸಿನೀರು ಕೊಟ್ಟರು. 1937ರಲ್ಲಿ ಸುಂದ್‌ಹೋಲ್ ಅನ್ನುವ ಒಳಾಂಗಣ ಈಜುಕೊಳ ತೆರೆಯಿತು. ಅದೂ ಈಗಲೂ ನಡೆಯುತ್ತಿದೆ, ಗಾಳಿಮಳೆ ಜೋರಾಗಿದ್ದ ದಿನ ಅಲ್ಲಿಗೂ ಹೋಗಬಹುದು. ಪ್ರವಾಸಿಗಳು ಆ ಬೀದಿಯಲ್ಲಿ ಉಣ್ಣೆ ಸ್ವೆಟರ್ ಕೊಂಡು ಬರುತ್ತಾರೆ, ಒಳ್ಳೆಯದೇ. ಆದರೆ ಆ ಕಬ್ಬಿಣದ ಕಮಾನುಗಳ ಹತ್ತಿರ ಒಂದು ಗಳಿಗೆ ನಿಂತು ಬಂದರೆ ಈ ತೊಟ್ಟಿಯ ಸುಖದ ಬೆಲೆ ತಿಳಿಯುತ್ತದೆ.

ಈಜು ಕಲಿಯುವುದು ಅಲ್ಲಿ ಶಾಲೆಯ ಪಾಠ. 1940ರಿಂದ ಎಲ್ಲ ಮಕ್ಕಳಿಗೂ ಕಡ್ಡಾಯ. ಮೀನು ಹಿಡಿಯುವ ನಾಡು, ದಡ ಕಣ್ಣಿಗೆ ಕಾಣುತ್ತಿದ್ದರೂ ಈಜು ಬಾರದೆ ಮುಳುಗಿ ಸತ್ತವರು ಎಷ್ಟೋ ಜನ. ವಾರದ ದಿನ ಹಗಲು ಹೋದರೆ ಮೇಷ್ಟ್ರು ದಡದಲ್ಲಿ ದಪ್ಪ ಜಾಕೆಟ್ ಹಾಕಿ ನಿಂತಿರುವುದು, ಮಕ್ಕಳು ನೀರಲ್ಲಿ ಸಾಲಾಗಿ ಕಾಲು ಬಡಿಯುವುದು ಕಾಣಬಹುದು. ತುಂಗೆ, ಶರಾವತಿಯ ದಡದಲ್ಲಿ ಪ್ರತಿ ಬೇಸಿಗೆ ಮಕ್ಕಳನ್ನು ಕಳೆದುಕೊಳ್ಳುವ ನಮಗೆ ಇದು ನೋಡಿ ಹೊಟ್ಟೆಕಿಚ್ಚು ಆಗದೆ ಇರುವುದಿಲ್ಲ.

ದುಡ್ಡಿನ ಮಾತು. 2024ರಲ್ಲಿ ದೊಡ್ಡವರಿಗೆ ಒಂದು ಸಲಕ್ಕೆ ಸುಮಾರು 1,300 ಕ್ರೋನಾ ಇತ್ತು. ನಮ್ಮ ಲೆಕ್ಕದಲ್ಲಿ ಸುಮಾರು 800 ರೂಪಾಯಿ. ಸಾಗರದಲ್ಲಿ ಕೂತು ನೋಡಿದರೆ ಜಾಸ್ತಿ. ಆದರೆ ಆ ಊರಿನಲ್ಲಿ ಒಂದು ಹೊತ್ತಿನ ಊಟಕ್ಕೇ ಅದಕ್ಕಿಂತ ಎಷ್ಟೋ ಹೆಚ್ಚು ಕೊಡಬೇಕು. ಹತ್ತು ಸಲದ ಕಾರ್ಡ್ ತೆಗೆದುಕೊಂಡರೆ ಅಗ್ಗ. ಊರಾಚೆಯ ಒಂದು ಹೆಸರಾಂತ ಬಿಸಿನೀರಿನ ಜಾಗಕ್ಕೂ ಹೋಗಿದ್ದೆವು, ಹೆಸರು ಬೇಡ. ಇದರ ಹಲವು ಪಟ್ಟು ದುಡ್ಡು. ಒಳಗೆ ಬಟ್ಟೆ ಬದಲಿಸಲು ಕ್ಯೂ, ನೀರಿನಲ್ಲಿ ಎಲ್ಲಿ ನೋಡಿದರೂ ಮೇಲೆತ್ತಿದ ಫೋನು, ಎಷ್ಟೋ ಜನ ಸುಮ್ನೆ ಎರಡು ಹನಿ ಮೈಗೆ ಸೋಕಿಸಿಕೊಂಡು ಇಳಿದುಬಿಟ್ಟರು. ನೋಟ ಚೆಂದವೇ. ಆದರೆ ಅಲ್ಲಿ ಒಬ್ಬ ಸ್ಥಳೀಯರ ಜೊತೆಯೂ ಮಾತಾಡಲು ಸಿಗಲಿಲ್ಲ.

ಕೆಲವು ಸಣ್ಣ ವಿಷಯ. ಶೂ ಹೊರಗಿನ ಸ್ಟ್ಯಾಂಡಿನಲ್ಲೇ ಬಿಡಬೇಕು. ಟವೆಲ್ ಲಾಕರಿನಲ್ಲಿ ಇಡಬೇಡಿ, ಶವರ್ ಹತ್ತಿರದ ಗೂಡಿನಲ್ಲಿ ಇಡಿ. ವಾಪಸ್ ಬರುವಾಗ ಅಲ್ಲೇ ಮೈ ಒರೆಸಿಕೊಂಡು ಬರಬೇಕು, ಲಾಕರ್ ಕೋಣೆಯ ನೆಲಕ್ಕೆ ಹನಿ ನೀರೂ ಬೀಳಬಾರದು. ಇದರಲ್ಲೂ ಅಲ್ಲಿನವರು ಕಟ್ಟುನಿಟ್ಟು. ಒದ್ದೆ ಈಜುಡುಗೆ ಹಿಂಡಲು ಗೋಡೆಗೆ ಹಾಕಿದ ಪುಟ್ಟ ಯಂತ್ರ ಇರುತ್ತದೆ. ಮುಚ್ಚಳ ಒತ್ತಿ ಹಿಡಿದರೆ ಗಿರ್ರನೆ ತಿರುಗಿ ನೀರೆಲ್ಲ ಹೊರಗೆ. ಸೋಪು ಅಲ್ಲೇ ಇರುತ್ತದೆ. ಟವೆಲ್ ಬಾಡಿಗೆಗೆ ಸಿಗುತ್ತದೆ, ಆದರೆ ಮನೆಯದೇ ತೆಗೆದುಕೊಂಡು ಹೋದರೆ ದುಡ್ಡು ಉಳಿಯಿತು. ಕೂದಲು ಪೂರ್ತಿ ಒಣಗಿಸದೆ ಹೊರಗೆ ಕಾಲಿಡಬೇಡಿ, ದಾರಿಯಲ್ಲೇ ಕಡ್ಡಿಯಾಗುತ್ತದೆ.

ಎದುರಿಗೇ ಒಂದು ಕೆಫೆ ಇದೆ. ಅಲ್ಲಿ ಕಾಫಿ ಕುಡಿಯುವಾಗ ಕಿಟಕಿಯ ಹೊರಗೆ ತಳ್ಳುಗಾಡಿಯಲ್ಲಿ ಮಗು ಒಂದೇ ಮಲಗಿದ್ದರೆ ಗಾಬರಿ ಬೇಡ. ಬೆಚ್ಚಗೆ ಹೊದಿಸಿ ತಂಗಾಳಿಯಲ್ಲಿ ಮಲಗಿಸುವುದು ಅಲ್ಲಿನ ಪದ್ಧತಿ, ತಾಯಿ ಪಕ್ಕದ ಮೇಜಿನಲ್ಲೇ ಕೂತು ನೋಡುತ್ತಿರುತ್ತಾಳೆ.

ವಾರದ ದಿನ ಬೆಳಿಗ್ಗೆ 6:30ಕ್ಕೆ ತೆರೆದು ರಾತ್ರಿ 10ರವರೆಗೆ ಇರುತ್ತದೆ. ವಾರಾಂತ್ಯದಲ್ಲಿ ತೆರೆಯುವುದು ತಡ. ಹರಟೆ ಬೇಕಿದ್ದರೆ ಬೆಳಗಿನ ಜಾವ ಹೋಗಿ, ಆ ಹೊತ್ತಿಗೆ ಹಳಬರು ಬರುತ್ತಾರೆ. ಮಕ್ಕಳ ಜೊತೆ ಹೋಗುವವರಿಗೆ ಸಂಜೆ ಒಳ್ಳೆಯದು.